ಕೊಣ್ಣೂರ ಬಂಗಲೆಯ ಕೊನೆಯ ಮಾತು

ಅರಿಹಂತ ಚೌಗುಲೆಯವರನ್ನು ಕೊಂದವರು ಯಾರು ಎಂಬುದು ಆ ಮುಂಜಾನೆ ಗೋಕಾಕದಲ್ಲಿ ಎಲ್ಲರಿಗೂ ಗೊತ್ತಿತ್ತು. ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ, ಕೋರ್ಟಿನ ಕಟ್ಟೆಯ ಮೇಲೆ, ಎಲ್ಲಿ ನಿಂತರೂ ಒಂದೇ ಹೆಸರು ಕೇಳುತ್ತಿತ್ತು: ವೃಷಭ. ಆ ವೃಷಭನ ಅಕ್ಕ ತಾರಾಬಾಯಿ ಕೊಣ್ಣೂರಿನಿಂದ ಮೊದಲ ಬಸ್ಸಿಗೇ ಬಂದು ರಾವಸಾಹೇಬರ ಪಡಸಾಲೆಯಲ್ಲಿ ಕೂತಿದ್ದರು. ಕಾಲಿಗೆ ಹತ್ತಿದ ಹೊಲದ ಕೆಸರು ಇನ್ನೂ ಆರಿರಲಿಲ್ಲ.

ರಾವಸಾಹೇಬ ಕಾಕಾ ಗೋಕಾಕದ ಕೋರ್ಟಿನಲ್ಲಿ ದುಭಾಷಿಯಾಗಿದ್ದು ನಿವೃತ್ತರಾದವರು. ಮರಾಠಿಯಲ್ಲಿ ಅತ್ತವರ ಮಾತನ್ನು ಕನ್ನಡಕ್ಕೆ, ಕನ್ನಡದಲ್ಲಿ ಬೈದವರ ಮಾತನ್ನು ಇಂಗ್ಲಿಷಿಗೆ ತಿರುಗಿಸುತ್ತ ಕೂದಲು ಬೆಳ್ಳಗೆ ಮಾಡಿಕೊಂಡಿದ್ದರು. ಪೊಲೀಸರಿಗೆ ಬಗೆಹರಿಯದ್ದನ್ನು ಅವರು ಬಗೆಹರಿಸುತ್ತಾರೆಂದು ಸುತ್ತಲಿನ ಹಳ್ಳಿಗಳಲ್ಲಿ ಹೆಸರಿತ್ತು. ನಾನು ಭೀಮೇಶ. ಸಂಜೆ ಕಾಲೇಜಿನಲ್ಲಿ ಓದಿ ಪದವಿ ಪಡೆದು, ಸೊಸೈಟಿಯೊಂದರಲ್ಲಿ ಟೈಪಿಸ್ಟ್ ಆಗಿದ್ದೆ. ಬಿಡುವಿದ್ದಾಗಲೆಲ್ಲ ಅವರ ಜೊತೆಗಿರುತ್ತಿದ್ದೆ. ಕೇಳಿದ್ದನ್ನು ಕೇಳಿದ ಹಾಗೆಯೇ ಬರೆಯಬೇಕು ಎಂಬುದು ಅವರು ನನಗೆ ಹಾಕಿದ ಒಂದೇ ಕಟ್ಟಳೆ. ಇಲ್ಲಿಯೂ ಅದನ್ನು ಪಾಲಿಸಿದ್ದೇನೆಂದು ನಂಬಿದ್ದೇನೆ. ಪೂರ್ತಿ ಖಾತ್ರಿ ನನಗೆ ಎಂದೂ ಇರುವುದಿಲ್ಲ.

"ಕಾಕಾ, ನನ್ನ ತಮ್ಮನ್ನ ಒಯ್ದರ್ರಿ," ಎಂದರು ತಾರಾಬಾಯಿ. "ಹೊಲಾ ಕೊಡೂದಿಲ್ಲಂತ ಅರಿಹಂತ ಕಾಕಾನ ಜೋಡಿ ಜಗಳಾಡಿದ್ದ, ಖರೆ. ಊರೆಲ್ಲಾ ಕೇಳೈತಿ. ಆದ್ರ ನಿನ್ನೆ ಕೊಡ್ತೇನಿ ಅಂತ ಹೇಳಾಕ ಹೋಗಿದ್ದಾರಿ. ನಾನs ಬುದ್ಧಿ ಹೇಳಿ ಕಳಿಸಿದ್ದೆ."

"ಕೊಡ್ತೇನಿ ಅಂದದ್ದು ಯಾರಿಗೆ ಗೊತ್ತೈತಿ?"

"ಅರಿಹಂತ ಕಾಕಾಗ ಗೊತ್ತಿತ್ತು. ಅವರs ಇಲ್ಲಲ್ರಿ ಈಗ." ತಾರಾಬಾಯಿ ಸೆರಗಿನಿಂದ ಬಾಯಿ ಒತ್ತಿಕೊಂಡರು. "ಫಾರಿನ್ ಸಾಹೇಬ ನಾಳೆ ಸಂಜೀಕ ಹೊಂಟಾನಂತ. ಅವ ಪೊಲೀಸರಿಗೆ ಬರಸಿ ಕೊಟ್ಟ ಮಾತಷ್ಟ ಹಿಂದ ಉಳಿತಾವು. ಆಮ್ಯಾಲ ಅವನ್ನ ತಿರಗಿ ಕೇಳಾವ್ರ ಯಾರ್ರಿ? ಆ ಮಾತಿನ ಮ್ಯಾಲ ನನ್ನ ತಮ್ಮಗ ಗಲ್ಲು ಆಗ್ತೈತಿ."

ಕಾಕಾ ಚಹಾದ ಬಟ್ಟಲನ್ನು ಬದಿಗಿಟ್ಟು ಅಂಗಿಗೆ ಕೈಹಾಕಿದರು. ಅವರು ಹೊರಡುವ ರೀತಿಯೇ ಅದು.

"ಬರ್ತೇನ್ರಿ ಕಾಕಾ," ಎಂದು ತಾರಾಬಾಯಿ ಮೆಟ್ಟಿಲಿಳಿದು ಹೋದರು. ಅವರ ಹಿಂದೆಯೇ ನಾವೂ ಹೊರಟೆವು.

ಆ ಕಂಪನಿಯ ವಿಷಯ ಹೇಳದೆ ಮುಂದಿನದು ತಿಳಿಯದು. ಎರಡು ಸಾವಿರದ ಒಂದನೆಯ ಇಸವಿ ಅದು. ಆಸ್ಟ್ರಿಯಾ ದೇಶದ ಕಂಪನಿಯೊಂದು ನೀರಾವರಿಗೆ ಬೇಕಾಗುವ ಕಬ್ಬಿಣದ ವಾಲ್ವ್ ತಯಾರಿಸುವ ಕಾರ್ಖಾನೆಯನ್ನು ನಮ್ಮ ಕಡೆ ಹಾಕಲು ಬಂದಿತ್ತು. ತೆರಿಗೆ ಮಾಫಿ, ಕರೆಂಟು, ರಸ್ತೆ, ಎಲ್ಲ ಪರವಾನಗಿ ಒಂದೇ ಕಿಟಕಿಯಲ್ಲಿ ಎಂದು ಸರಕಾರ ಹೇಳಿತ್ತು. ಮೂರು ಜಾಗಗಳನ್ನು ನೋಡಿದ್ದರು. ಮೂಡಲಗಿಯದು ಎರೆಭೂಮಿ, ಭಾರೀ ಯಂತ್ರಗಳಿಗೆ ಪಾಯ ನಿಲ್ಲದೆಂದು ಬಿಟ್ಟರು. ಉಳಿದದ್ದು ಹುಕ್ಕೇರಿ ಮತ್ತು ಕೊಣ್ಣೂರ. ಕೊಣ್ಣೂರಿಗೆ ಘಟಪ್ರಭೆಯ ನೀರೂ ಇತ್ತು, ರೈಲೂ ಹತ್ತಿರ. ಆದರೆ ಆ ಜಾಗದ ನಟ್ಟನಡುವೆ ವೃಷಭನ ಹೊಲ. ನಡುವೆ ತೂತಿರುವ ಜಾಗ ತಮಗೆ ಬೇಡವೆಂದು ಕಂಪನಿ ಹೇಳಿಬಿಟ್ಟಿತ್ತು.

ಕಂಪನಿಯನ್ನು ಇಲ್ಲಿಗೆ ಕರೆತಂದವರು ಇಬ್ಬರು ಪಾಲುದಾರರು. ಒಬ್ಬರು ಕೊಣ್ಣೂರಿನ ವ್ಯಾಪಾರಿ ಅರಿಹಂತ ಚೌಗುಲೆ, ಇನ್ನೊಬ್ಬ ಹುಕ್ಕೇರಿಯ ಗುತ್ತಿಗೆದಾರ ಶೆಟ್ಟೆಪ್ಪ. ಊರ ಹೊರಗಿನ ಹಳೆಯ ಬಂಗಲೆಯೊಂದನ್ನು ಬಾಡಿಗೆಗೆ ಹಿಡಿದು ಮುಂದಿನ ಕೋಣೆಯಲ್ಲಿ ಆಫೀಸು ಮಾಡಿದ್ದರು. ಹಿಂದಿನ ಕೋಣೆಯಲ್ಲಿ ಕಂಪನಿಯ ಪ್ರತಿನಿಧಿ ಲೈಟ್ನರ್ ಸಾಹೇಬರು ಇಳಿದುಕೊಂಡಿದ್ದರು. ಹಿಂದಿನ ದಿನ ಹೊತ್ತು ಮುಳುಗುವಾಗ ಅದೇ ಆಫೀಸಿನಲ್ಲಿ ಅರಿಹಂತರ ತಲೆ ಒಡೆದಿತ್ತು. ಪಕ್ಕದಲ್ಲಿ, ನಮೂನೆಗೆಂದು ಸಾಹೇಬರು ತಂದಿದ್ದ ವಾಲ್ವ್ ಬಿದ್ದಿತ್ತು.

ಠಾಣೆಯಲ್ಲಿ ಫೌಜದಾರರು ನಮ್ಮನ್ನು ಕೂರಿಸಿಕೊಂಡರು. ಕಾಕಾ ಎಂದರೆ ಅವರಿಗೆ ಗೌರವವಿತ್ತು. ಈ ಪ್ರಕರಣದಲ್ಲಿ ಅವರಿಂದ ಆಗಬೇಕಾದ್ದೇನೂ ಇಲ್ಲವೆಂಬ ಸಮಾಧಾನವೂ ಇತ್ತು.

"ಇದರಾಗ ಹುಡಕೂದೇನೂ ಇಲ್ರಿ. ಸಾಹೇಬ್ರು ಇಂಗ್ಲಿಷಿನ್ಯಾಗ ಹೇಳಿದ್ರು, ನಾ ಕನ್ನಡದಾಗ ಬರಕೊಂಡೆ. ಕೇಳ್ರಿ." ಅವರು ಓದಿದರು. "ಹೊಟ್ಟೆಯ ತೊಂದರೆಯಿಂದ ಔಷಧ ತೆಗೆದುಕೊಂಡು ಮಲಗಿದ್ದೆ. ಕರೆಂಟು ಹೋಗಿ ಫ್ಯಾನು ನಿಂತಾಗ ಎಚ್ಚರವಾಯಿತು. ಆಗ ವೃಷಭ ಇವರು 'ನಾನು ಬರುತ್ತಿದ್ದೇನೆ' ಎಂದು ಹೇಳಿದ್ದು ಸ್ಪಷ್ಟವಾಗಿ ಕೇಳಿಸಿತು. ಧ್ವನಿ ಪರಿಚಿತ. ಸ್ವಲ್ಪ ಹೊತ್ತಿನ ಮೇಲೆ ಭಾರವಾದದ್ದೇನೋ ಬಿದ್ದ ಸದ್ದಾಯಿತು. ಬೇರೆ ಯಾರ ಮಾತೂ ಕೇಳಿಸಲಿಲ್ಲ."

"ವೃಷಭ ಏನಂತಾನ?"

"ಲೈಟ್ ಹೋದ ಕೂಡ್ಲೆ ನಾ ಹೊಂಟ ಬಂದೆ ಅಂತಾನ. ಹೊತ್ತ ಮುಳಗೂದ್ರಾಗ ಅರಿಹಂತ ಕಾಕಾ ಊಟಕ್ಕ ಕುಂದ್ರವ್ರು, ಅದಕ್ಕ ಎದ್ದೆ ಅಂತಾನ. ಅವ ಹೊಂಟ ಹೊತ್ತಿಗೇ ಸಾಹೇಬ್ರಿಗೆ ಅವ ಬಂದದ್ದು ಕೇಳೈತಿ. ಸುಳ್ಳ ಸುದ್ದ ಹೇಳಾಕ ಬರೂದಿಲ್ಲ ಅವಗ."

"ಜಾಗಾದಾಗ ಏನೇನ ಸಿಕ್ತು?"

ವಾಲ್ವ್, ಮುಟ್ಟದೆ ಹಾಗೆಯೇ ಉಳಿದ ಊಟದ ತಾಟು, ಮೆಟ್ಟಿಲ ಮೇಲಿದ್ದ ಸತ್ತವರ ಚಪ್ಪಲಿ. ಕಾಕಾ ಚೀಲದಿಂದ ಚಪ್ಪಲಿಗಳನ್ನು ತೆಗೆದು ನನ್ನ ಕೈಗೆ ಕೊಟ್ಟರು. ಹಳೆಯ ಕೊಲ್ಹಾಪುರಿ ಜೋಡು. ತೊಗಲಿನ ಮೇಲೆ ಬೆರಳುಗಳ ಅಚ್ಚು ಕಪ್ಪಾಗಿ ಮೂಡಿತ್ತು. ಎಡಗಾಲಿನದರಲ್ಲಿ ಕಿರುಬೆರಳಿನ ಜಾಗ ಮಾತ್ರ ಬೋಳಾಗಿತ್ತು. ಸವೆದು ಹೋಗಿರಬೇಕು ಅಂದುಕೊಂಡೆ. ಕಾಕಾ ಏನನ್ನೂ ಹೇಳದೆ ಅವನ್ನು ಮರಳಿ ಚೀಲಕ್ಕಿಟ್ಟರು.

ಹೊರಗೆ ಬರುವಾಗ ಲಾಕಪ್ಪಿನ ಸರಳಿನ ಹಿಂದೆ ವೃಷಭ ಕಂಡ. ಗಟ್ಟಿ ಆಳು, ಎರಡೂ ಕೈಯಲ್ಲಿ ಸರಳು ಹಿಡಿದು ನಿಂತಿದ್ದ. "ಕಾಕಾ, ಖರೇನ ಹೊಲಾ ಕೊಡ್ತೇನಿ ಅಂದಿದ್ನಿರಿ," ಎಂದಷ್ಟೇ ಅಂದ.

ಬಂಗಲೆಯಲ್ಲಿ ನಮಗೆ ಎದುರಾದವನು ಅಡುಗೆಯ ಉದ್ದಪ್ಪ. ನಾನು ಹೊಸ್ತಿಲು ದಾಟುವಷ್ಟರಲ್ಲಿ ಗದರಿದ.

"ಏ ಮಾಸ್ತರ, ಚಪ್ಪಲ್ ಅಲ್ಲೇ ಬಿಡ್ರಿ! ಧಣಿ ಸತ್ತಾನಂತ ಮೆಟ್ಟಕೊಂಡ ಬರ್ತೀರೇನು? ಒಳಗ ಬಾಹುಬಲಿ ಸ್ವಾಮಿ ಫೋಟೋ ಐತಿ. ಎಂಥಾ ದೊಡ್ಡ ಮನಶ್ಯಾ ಬಂದ್ರೂ ಧಣಿ ಬಿಡಸ್ತಿದ್ರು."

"ನಿನ್ನೆ ನೀ ಎಲ್ಲಿದ್ದಿ, ಉದ್ದಪ್ಪ?" ಎಂದರು ಕಾಕಾ.

"ಲೈಟ್ ಹೋದ್ವಲ್ರಿ, ಚಿಮಣಿ ಎಣ್ಣಿ ಇರಲಿಲ್ಲ, ತರಾಕ ಹೋಗಿದ್ದೆ. ಈ ಲೈಟ್ ಸಾಹೇಬ ಬಂದ ಮ್ಯಾಲೇನ ಊರಾಗ ಲೈಟ್ ಭಾಳ ಹೋಗಾಕತ್ತಾವು ನೋಡ್ರಿ." ನಗಲು ಹೋದವನ ಮುಖ ಅಲ್ಲಿಯೇ ಮುದುಡಿತು. "ಬಂದು ಕಂದೀಲ ಎತ್ತಿದ್ರ, ಧಣಿ ಹಂಗ ಬಿದ್ದಿದ್ರು. ನಾ ಏನೂ ನೋಡ್ಲಿಲ್ಲ, ಊರಾಗ ಓಡಿದೆ."

ಲೈಟ್ನರ್ ಸಾಹೇಬರು ಪೆಟ್ಟಿಗೆ ಕಟ್ಟುತ್ತಿದ್ದರು. ಎತ್ತರದ ಆಳು, ಹೊಟ್ಟೆನೋವಿನಿಂದಲೋ ಭಯದಿಂದಲೋ ಮುಖದಲ್ಲಿ ರಕ್ತವೇ ಇರಲಿಲ್ಲ. ಮಾತು ಇಂಗ್ಲಿಷಿನಲ್ಲಿ ನಡೆಯಿತು. ನನಗೆ ತಿಳಿದ ಮಟ್ಟಿಗೆ ಅದರ ತಾತ್ಪರ್ಯ ಬರೆಯುತ್ತೇನೆ.

"ನನಗೆ ವೃಷಭನ ಮೇಲೆ ದ್ವೇಷವಿಲ್ಲ," ಎಂದರು ಅವರು. "ಕೇಳಿದ್ದನ್ನು ಹೇಳಿದೆ. ಕಂಪನಿ ನನ್ನನ್ನು ವಾಪಸ್ ಕರೆದಿದೆ. ಕರೆಂಟು ಹೋಗುವ ಊರಿನಲ್ಲಿ ಜನರೇಟರ್ ಇಡಬಹುದು. ಇದಕ್ಕೆ ಏನು ಇಡುವುದು?"

"ವೃಷಭ ಇಂಗ್ಲಿಷಿನಲ್ಲಿ ಹೇಳಿರಲಾರ. ಅವನ ಬಾಯಿಂದ ಬಂದ ಶಬ್ದ ಯಾವುದು?"

ಸಾಹೇಬರು ಕಣ್ಣು ಮುಚ್ಚಿ ನೆನಪಿಸಿಕೊಂಡರು. "ಬರ್ತೇನ್ರಿ," ಎಂದರು. ಆ ಮಾತು ಅವರ ನಾಲಗೆಯ ಮೇಲೆ ಎಡವಿ ಎಡವಿ ಬಂತು. ನನಗೆ ನಗು ಬಂದಿತ್ತು. ಸಾವಾದ ಜಾಗವೆಂದು ತಡೆದುಕೊಂಡೆ. ಅವರು ಕನ್ನಡ ಕಲಿಯುವ ತಮ್ಮ ಪುಸ್ತಕವನ್ನೂ ತೆಗೆದು ತೋರಿಸಿದರು. "ಬರು ಅಂದರೆ ಬರುವುದು. ತಪ್ಪಿಲ್ಲವಷ್ಟೆ?"

"ಪುಸ್ತಕದಲ್ಲಿ ತಪ್ಪಿಲ್ಲ," ಎಂದರು ಕಾಕಾ.

ಮೂಲೆಯಲ್ಲಿ ಹೊಸದೊಂದು ಚರ್ಮದ ಚೀಲವಿತ್ತು. ಕಾಕಾ ಅದರತ್ತ ನೋಡಿದ್ದನ್ನು ಕಂಡು ಸಾಹೇಬರು ನಿಟ್ಟುಸಿರು ಬಿಟ್ಟರು. "ಅರಿಹಂತರಿಗೆಂದು ನಮ್ಮ ಊರಿಂದ ತಂದದ್ದು. ಕೈ ಮುಗಿದು ಹಿಂದೆ ಸರಿದರು, ಮುಟ್ಟಲೂ ಇಲ್ಲ. ಲಂಚ ಅಂದುಕೊಂಡರೋ ಏನೋ. ಈ ದೇಶದಲ್ಲಿ ನಾನು ಯಾವಾಗ ಯಾರನ್ನು ನೋಯಿಸುತ್ತೇನೋ ತಿಳಿಯದು."

ಫ್ಯಾನು ನಿಂತಿತು. ಮತ್ತೆ ಕರೆಂಟು ಹೋಗಿತ್ತು. ಆ ಮೌನದಲ್ಲಿ ದೂರದ ಜಲಪಾತದ ಮೊರೆತ ಗೋಡೆಯೊಳಗಿಂದಲೇ ಬಂದಂತೆ ಕೇಳಿಸಿತು. ಹಿಂದಿನ ಸಂಜೆಯೂ ಹೀಗೆಯೇ ಇದ್ದಿರಬೇಕು. ಈ ಬಾಗಿಲಿನ ಆಚೆ, ಬರಿಗಾಲಿನಲ್ಲಿ, ಮಾತಿಲ್ಲದೆ ಯಾರೋ ನಿಂತಿದ್ದರೇನೋ ಎಂದು ಯೋಚಿಸಿದೆ. ಆಮೇಲೆ, ಪೊಲೀಸರೇ ವೃಷಭ ಎನ್ನುತ್ತಿರುವಾಗ ನನಗೇಕೆ ಇಂಥ ಯೋಚನೆ ಎಂದು ನಾಚಿಕೆಪಟ್ಟೆ.

ಮಧ್ಯಾಹ್ನ ಹುಕ್ಕೇರಿಗೆ ಹೋದೆವು. ಶೆಟ್ಟೆಪ್ಪ ತನ್ನ ಆಫೀಸಿನಲ್ಲಿ ಎಡಗಾಲನ್ನು ಸ್ಟೂಲಿನ ಮೇಲೆ ಚಾಚಿ ಕೂತಿದ್ದ. ಪಾದಕ್ಕೆ ಬೆರಳು ಮುಚ್ಚುವಂತೆ ಅರಿವೆ ಸುತ್ತಿಕೊಂಡಿದ್ದ.

"ಏಳಾಕ ಆಗವಲ್ದ್ರಿ, ಮಾಫ್ ಮಾಡ್ರಿ. ಹೊಸಾ ಚಪ್ಪಲ್ ಕಚ್ಚ್ಯಾವು," ಎಂದು ನಕ್ಕು ಚಹಾ ಹೇಳಿದ. ಅರಿಹಂತರ ಮಾತು ಬಂದಾಗ ಅವನ ಕಣ್ಣಲ್ಲಿ ನೀರಾಡಿತು. "ಅಣ್ಣತಮ್ಮರಗತೆ ಇದ್ವಿರಿ ನಾವು."

"ನಿನ್ನೆ ಕೊಣ್ಣೂರಾಗ ನಿಮ್ಮ ಗಾಡಿ ನಿಂತಿತ್ತಂತ?"

"ಹೌದ್ರಿ, ನಾ ಮುಚ್ಚಿಡೂದಿಲ್ಲ. ಮುಂಜಾನೆ ಠಾಣೇದಾಗ ಸಾಹೇಬ್ರ ಜಬಾಬ ಓದಿ ತೋರಿಸಿದ್ರು, ನಂದೂ ಬರಕೊಂಡ್ರು. ಅರಿಹಂತಗ ಭೇಟಿ ಆಗಾಕ ಹೋಗಿದ್ದೆ. ಗೇಟಿನ ಕಡೆ ಬರೂದ್ರಾಗ ಲೈಟ್ ಹೋದ್ವು. ನೋಡ್ತೇನಿ, ವೃಷಭ ಬಾಗಲದಾಗ ನಿಂತಾನ. 'ನಾ ಬರಾಕತ್ತೇನಿ' ಅಂತ ಒದರಿ ಒಳಗ ಹೋದ. ನನ್ನ ಕಿವಿಲೇ ಕೇಳೇನಿ. ಅವರಿಬ್ಬರ ಜಗಳದಾಗ ನಾ ಯಾಕ ಅಂತ ತಿರಗಿ ಬಂದೆ. ಒಳಗ ಹೋಗಿದ್ರ ಉಳಸ್ತಿದ್ನಿ ಏನೋ!"

"ಇನ್ನ ಕಾರ್ಖಾನಿ?"

"ಕೊಣ್ಣೂರಾಗ ರಕ್ತಾ ಬಿತ್ತು. ಫಾರಿನ್‌ದವರು ಅಲ್ಲಿ ಕಾಲ ಇಡ್ತಾರೇನ್ರಿ? ಆದ್ರ ಹುಕ್ಕೇರಿ ಜಾಗಾ ಐತೆಲ್ರಿ ಇನ್ನೂ. ಸಾಹೇಬ್ರಿಗೆ ನಾ ಹೇಳೇನಿ." ಅವನ ದನಿ ಮೆತ್ತಗಿತ್ತು, ಆದರೆ ಕಣ್ಣೀರು ಆಗಲೇ ಆರಿತ್ತು.

ಹೊರಗೆ ಬಂದು ಕಾಕಾ ಎದುರಿನ ಪಾನಂಗಡಿಯವನ ಜೊತೆ ಹವಾಮಾನದ ಮಾತಾಡಿದರು. ಮಾತಿನ ನಡುವೆ ಆತನೇ ಹೇಳಿದ: ಕಾರ್ಖಾನೆ ಬರುತ್ತದೆಂಬ ಲೆಕ್ಕಾಚಾರದಲ್ಲಿ ಶೆಟ್ಟೆಪ್ಪ ಬೀಗರು, ನೆಂಟರ ಹೆಸರಿನಲ್ಲಿ ಹುಕ್ಕೇರಿ ಸುತ್ತಲಿನ ಬರಡು ಭೂಮಿಯನ್ನೆಲ್ಲ ಹಿಡಿದಿಟ್ಟಿದ್ದ.

ಬಸ್ಸಿನಲ್ಲಿ ಕಾಕಾ ಒಂದು ವಿಚಿತ್ರ ಪ್ರಶ್ನೆ ಕೇಳಿದರು. "ಭೀಮೇಶ, ನೀ ನಮ್ಮ ಮನಿಗೆ ಬಂದಾಗ ಬಾಗಲದಾಗ ನಿಂತು ಏನಂತ ಕೂಗ್ತಿ?"

"'ಕಾಕಾ, ಅದೀರೇನ್ರಿ' ಅಂತೇನಿ."

"ಹೌದು, ಹಂಗs ಅಂತಿ," ಎಂದು ಕಿಟಕಿಯ ಕಡೆ ತಿರುಗಿದರು. ನನ್ನ ಕೂಗಿನಲ್ಲಿ ಏನಾದರೂ ಮರ್ಯಾದೆ ಕಡಿಮೆಯಾಯಿತೇ ಎಂದು ಗೋಕಾಕ ಬರುವವರೆಗೂ ಚಿಂತಿಸಿದೆ.

ಮರುದಿನ ಮಧ್ಯಾಹ್ನ ಬಂಗಲೆಯ ಆಫೀಸಿನಲ್ಲಿ ಎಲ್ಲರೂ ಸೇರಿದರು. ಸಾಹೇಬರ ಕಾರು ಹೊರಗೆ ನಿಂತಿತ್ತು, ಪೆಟ್ಟಿಗೆಗಳನ್ನು ಏರಿಸಿಯಾಗಿತ್ತು. ಫೌಜದಾರರು ವೃಷಭನನ್ನು ಬೇಡಿ ಹಾಕಿ ಕರೆತಂದಿದ್ದರು. ತಾರಾಬಾಯಿ ಗೋಡೆಗೆ ಒರಗಿ ತಮ್ಮನ ಕೈಯ ಕಬ್ಬಿಣವನ್ನೇ ನೋಡುತ್ತಿದ್ದರು. ಉದ್ದಪ್ಪ ಎಲ್ಲರಿಂದಲೂ ಚಪ್ಪಲಿ ಬಿಡಿಸಿದ್ದ, ಫೌಜದಾರರ ಬೂಟನ್ನೂ. ಶೆಟ್ಟೆಪ್ಪ ಕುಂಟುತ್ತ ಬಂದು ಬಾಗಿಲ ಹತ್ತಿರದ ಕುರ್ಚಿ ಹಿಡಿದ.

ಕಾಕಾ ಯಾರ ಹೆಸರನ್ನೂ ಎತ್ತದೆ ಊರ ಸುದ್ದಿ, ಮಳೆ, ರೈಲಿನ ವೇಳೆ ಎಂದು ಮಾತು ಎಳೆಯತೊಡಗಿದರು. ಫೌಜದಾರರು ಆಕಳಿಸಿದರು. ಕಾಕಾ ದಾರಿ ತಪ್ಪಿದರೇನೋ ಎಂದು ನಾನು ಹೊರಗಿನ ಕಾರಿನ ಕಡೆ ನೋಡಿದೆ. ಕೊನೆಗೆ ಶೆಟ್ಟೆಪ್ಪನಿಗೇ ತಡೆಯಲಾಗಲಿಲ್ಲ.

"ನಿಮ್ಮ ಪುರಾಣ ನಡೀಲಿ ರಾವಸಾಹೇಬ್ರ. ನಂಗ ಹುಕ್ಕೇರ್ಯಾಗ ಕೆಲಸಾ ಅದಾವು." ಎದ್ದು ಎಲ್ಲರಿಗೂ ಕೈ ಮುಗಿದ. "ಬರ್ತೇನ್ರಿ."

ಅವನು ಹೊಸ್ತಿಲ ಕಡೆ ತಿರುಗಿದ್ದ. ಕಾಕಾ ಇಂಗ್ಲಿಷಿನಲ್ಲಿ ಕೇಳಿದರು: "ಲೈಟ್ನರ್ ಸಾಹೇಬರೇ, ಅವರು ಏನೆಂದರು?"

"ಬರುತ್ತೇನೆ ಎಂದರು."

"ಎಲ್ಲಿಗೆ ನಡೆದಿದ್ದಾರೆ, ನೋಡಿ."

ಸಾಹೇಬರು ನೋಡಿದರು. ಆಮೇಲೆ ಅವರು ನಿಧಾನವಾಗಿ ಎದ್ದುನಿಂತು, ಬೇಡಿಯಲ್ಲಿದ್ದ ವೃಷಭನ ಕಡೆ ತಿರುಗಿದರು. "ಓ ದೇವರೇ," ಎಂದದ್ದು ತಮ್ಮದೇ ಭಾಷೆಯಲ್ಲಿರಬೇಕು. ಆದರೂ ನಮಗೆಲ್ಲ ತಿಳಿಯಿತು.

"ಕುಂದ್ರ್ರಿ ಶೆಟ್ಟೆಪ್ಪ," ಎಂದರು ಕಾಕಾ. ಬಾಗಿಲಲ್ಲಿ ಪೇದೆ ಅಡ್ಡ ನಿಂತ. "ಹೋಗ್ತೇನಿ ಅಂತ ನಮ್ಮಲ್ಲಿ ಯಾರೂ ಅನ್ನೂದಿಲ್ಲ. ಹೋಗೂ ಮುಂದ ಬರ್ತೇನಿ ಅಂತೇವಿ. ಸಾಹೇಬ್ರು ಕೇಳಿದ್ದು ಆ ಮಾತು. ಅದನ್ನ ಅವರು ಇಂಗ್ಲಿಷ್ ಮಾಡಿ ಹೇಳಿದ್ರು, ಫೌಜದಾರ್ರು ಆ ಇಂಗ್ಲಿಷನ್ನ ತಿರಗಿ ಕನ್ನಡ ಮಾಡಿದ್ರು. ನಡುವ ಹೋಗೂ ಮನಶ್ಯಾ ಬರೂ ಮನಶ್ಯಾ ಆದ. ವೃಷಭ ಲೈಟ್ ಹೋದಾಗ ಹೊಂಟೆ ಅಂದದ್ದು ಖರೆ. ಅವ ಹೋದ ಮ್ಯಾಲೆ ಅರಿಹಂತ ಜೀವಂತ ಇದ್ದ."

ಫೌಜದಾರರ ಮುಖ ಕೆಂಪಾಯಿತು. "ಮತ್ತ ಈ ಶೆಟ್ಟೆಪ್ಪನೂ ಅದನ್ನs ಕೇಳ್ಯಾನಲ್ರಿ?"

"ಅದs ಅಲ್ಲೇನು ಅವನ ಎಡವಟ್ಟು! ಸಾಹೇಬ್ರು ಪರದೇಶದವರು, ತಪ್ಪ ತಿಳಕೊಂಡ್ರು. ಇವ ಹುಕ್ಕೇರ್ಯಾಗ ಹುಟ್ಟಿದವ. ಗೇಟಿನ್ಯಾಗ ನಿಂತು ಖರೇನ ಕೇಳಿದ್ರ, ವೃಷಭ ಹೊರಗ ಬಂದ ಅಂತಿದ್ದ. 'ನಾ ಬರಾಕತ್ತೇನಿ' ಅಂತ ಬಾಗಲದಾಗ ನಿಂತು ಒದರೂ ಮನಶ್ಯಾನ್ನ ಈ ಮೂರು ತಾಲೂಕಿನ್ಯಾಗ ಯಾರರ ನೋಡೀರೇನು? ಅದೀರೇನ್ರಿ ಅಂತೇವಿ, ಒಳಗ ಬರ್ಲ್ಯಾ ಅಂತೇವಿ. ಆ ಮಾತು ವೃಷಭನ ಬಾಯಾಗ ಹುಟ್ಟಿದ್ದಲ್ಲ, ನಿಮ್ಮ ಕಾಗದದಾಗ ಹುಟ್ಟಿದ್ದು. ನೀವು ಓದಿ ತೋರಿಸಿದ ಮ್ಯಾಲೆ ಇವ ಅದನ್ನ ತನ್ನ ಕಿವ್ಯಾಗ ಹಾಕ್ಕೊಂಡ."

"ಸುಳ್ಳ ಹೇಳಿದ್ರ ಖೂನಿ ಮಾಡಿದಂಗ ಏನ್ರಿ?" ಎಂದು ಶೆಟ್ಟೆಪ್ಪ ಚೀರಿದ.

"ಅಲ್ಲ." ಕಾಕಾ ಫೌಜದಾರರ ಚೀಲದಿಂದ ಹಳೆಯ ಜೋಡನ್ನು ತೆಗೆದು ನೆಲದ ಮೇಲಿಟ್ಟರು. "ಇವು ಸತ್ತವರ ಚಪ್ಪಲಿ ಅಂತ ಬರದಾರ. ಸಾಹೇಬ್ರು ಕೊಟ್ಟ ಚೀಲಾನ ಅರಿಹಂತ ಯಾಕ ಮುಟ್ಟಲಿಲ್ಲ? ತಾರಾಬಾಯಿ, ನೀವು ಹೇಳ್ರಿ."

"ಚರ್ಮದ್ದಲ್ರಿ ಅದು," ಎಂದರು ತಾರಾಬಾಯಿ. "ಶ್ರವಣಬೆಳಗೊಳಕ್ಕ ಹೋಗಿ ಬಂದ ಮ್ಯಾಲೆ ಅರಿಹಂತ ಕಾಕಾ ಚರ್ಮದ ವಸ್ತು ಬಿಟ್ಟಿದ್ರು. ಪಟ್ಟಾ ಸುದ್ದ ಕಟ್ಟತಿರಲಿಲ್ಲ. ಕಾಲಾಗ ರಬ್ಬರ್ ಚಪ್ಪಲ್."

"ಆ ರಬ್ಬರ್ ಚಪ್ಪಲ್ ಎಲ್ಲಿ ಹೋದ್ವು? ಅವನ್ನ ಮೆಟ್ಟಕೊಂಡ ಹೋದಾವ, ಇವನ್ನ ಬಿಟ್ಟ ಹೋಗ್ಯಾನ. ಗಾಬರಿ, ಕತ್ತಲಿ, ಕಾಲಿಗೆ ಸಿಕ್ಕದ್ದು ಮೆಟ್ಟಿದ. ದಾರ್ಯಾಗ ಗೊತ್ತಾತು, ತಿರಗಿ ಬರಾಕ ಆಗ್ಲಿಲ್ಲ, ಉದ್ದಪ್ಪನ ಕಂದೀಲ ಬರಾಕತ್ತಿತ್ತು. ಅದಕ್ಕ ಹೊಸಾ ಚಪ್ಪಲ್ ಬೇಕಾತು. ಇದರ ಎಡಗಾಲಿನ್ಯಾಗ ಕಿರುಬೆರಳಿನ ಅಚ್ಚಿಲ್ಲ. ಶೆಟ್ಟೆಪ್ಪ, ಚಪ್ಪಲ್ ಹೆಬ್ಬೆರಳಿಗೆ ಕಚ್ಚತೈತಿ. ನೀ ಕಿರುಬೆರಳ ತನಕಾ ಯಾಕ ಅರಿವಿ ಸುತ್ತೀಪಾ?"

ಪೇದೆ ಬಗ್ಗಿ ಅರಿವೆ ಬಿಚ್ಚಿದ. ಎಡಗಾಲಿನಲ್ಲಿ ನಾಲ್ಕೇ ಬೆರಳು. ಕಿರುಬೆರಳಿನ ಜಾಗದಲ್ಲಿ ಹಳೆಯ, ನುಣುಪಾದ ಗಾಯದ ಗುರುತು.

ಶೆಟ್ಟೆಪ್ಪ ಆ ಚಪ್ಪಲಿಗಳನ್ನು, ಬಹಳ ದಿನದ ಮೇಲೆ ಸಿಕ್ಕ ಸ್ವಂತದವರನ್ನು ನೋಡುವಂತೆ ನೋಡಿದ. "ಕಿಟಕಿ ಕೆಳಗಿನ ಕಟ್ಟೀ ಮ್ಯಾಲ ಮರಿಗೆ ಕುಂತ ಕೇಳಿದೆ," ಎಂದ. "ವೃಷಭ ಹೊಲಾ ಕೊಡ್ತೇನಿ ಅಂದ. ನಮ್ಮೂರ ಹುಡಗೂರಿಗೆ ಕೆಲಸಾ ಕೊಡಸ್ರಿ, ಅಷ್ಟ ಸಾಕು ಅಂದ. ಅರಿಹಂತ ನಕ್ಕಾ. ಹುಕ್ಕೇರಿ ಮಾತು ಅಲ್ಲಿಗೆ ಮುಗೀತು. ಅವ ಹೋದ ಮ್ಯಾಲೆ ಒಳಗ ಹೋದೆ. ನಾಳೆ ತನಕ ಸಾಹೇಬಗ ಹೇಳಬ್ಯಾಡ ಅಂತ ಕೇಳ್ಕೊಳ್ಳೂದ ಇತ್ತು. ಅರಿಹಂತ ತಿರಗಿ ಸುದ್ದ ನೋಡ್ಲಿಲ್ಲ. ಈಗ ಹೇಳತೇನಿ ಅಂತ ಸಣ್ಣ ದನೀಲೆ ಅಂದು ಒಳಗಿನ ಬಾಗಲಾ ಕಡೆ ಹೊಂಟ."

"ಕೊಲ್ಲಾಕ ಹೋಗೂ ಮುಂದೂ ಚಪ್ಪಲ್ ಬಿಟ್ಟ ಹೋಗಿದ್ಯಲ್ಲೋ ಪುಣ್ಯಾತ್ಮಾ!" ಎಂದು ಉದ್ದಪ್ಪ ಅಳುತ್ತ ನೆಲಕ್ಕೆ ಕೂತ.

"ಕೊಲ್ಲಾಕ ಹೋಗಿರಲಿಲ್ಲೋ," ಎಂದ ಶೆಟ್ಟೆಪ್ಪ. ಆ ಮಾತನ್ನು ಯಾರೂ ಬರೆದುಕೊಳ್ಳಲಿಲ್ಲ. ಅದಕ್ಕೇ ಇಲ್ಲಿ ನಾನು ಬರೆದಿದ್ದೇನೆ.

ಅದೇ ಸಂಜೆ ವೃಷಭನ ಬೇಡಿ ಬಿಚ್ಚಿ ಶೆಟ್ಟೆಪ್ಪನಿಗೆ ಹಾಕಿದರು. ಲೈಟ್ನರ್ ಸಾಹೇಬರು ಹೊಸದಾಗಿ ಹೇಳಿಕೆ ಕೊಟ್ಟರು. ಈ ಸಲ 'ಬರ್ತೇನ್ರಿ' ಎಂಬ ಮಾತನ್ನು ಕನ್ನಡದಲ್ಲಿಯೇ ಬರೆಸಿ, ತಾವೇ ಅಕ್ಷರಕ್ಕೆ ಅಕ್ಷರ ನೋಡಿ ಸಹಿ ಹಾಕಿದರು. ಆಮೇಲೆ ವೃಷಭನ ಮುಂದೆ ಹೋಗಿ ನಿಂತರು. ವೃಷಭನೇ ಕೈ ಮುಗಿದ.

"ಹೊಲಾ ಕೊಡ್ತೇನಿ ಅಂದದ್ದು ಅಂದದ್ದs, ಸಾಹೇಬ್ರ. ಅರಿಹಂತ ಕಾಕಾ ಇಲ್ಲ, ಅದಕ್ಕ ನಿಮಗ ನಾನs ಹೇಳಾಕತ್ತೇನಿ."

ಕಾಕಾ ಅದನ್ನು ಇಂಗ್ಲಿಷಿಗೆ ತಿರುಗಿಸಿದರು. ಸಾಹೇಬರು ನೆಲ ನೋಡುತ್ತ ಕೇಳಿದರು. ಅದು ತನ್ನೊಬ್ಬನ ಕೈಯಲ್ಲಿಲ್ಲ, ಕಂಪನಿಯವರು ರಕ್ತದ ಸುದ್ದಿ ಕೇಳಿದ್ದಾರೆ ಎಂದರು.

ಕಾರಿನ ಹತ್ತಿರ ನಾವೆಲ್ಲ ಬರಿಗಾಲಿನಲ್ಲಿಯೇ ಹೋದೆವು. ಆಚೆ, ಅಳತೆಗೆಂದು ಸುಣ್ಣ ಬಳಿದು ನೆಟ್ಟ ಕಲ್ಲುಗಳು ವೃಷಭನ ಹೊಲದ ಈಚೆಗೆ ನಿಂತು, ಅದರ ಆಚೆಗೆ ಮುಂದುವರಿದಿದ್ದವು. ಹೊತ್ತು ಮುಳುಗುತ್ತಿತ್ತು. ಸಾಹೇಬರು ಬಾಗಿಲಿಗೆ ಕೈಯಿಟ್ಟು ನಮ್ಮ ಕಡೆ ತಿರುಗಿದರು. ಈ ಸಲ ಅವರ ನಾಲಗೆ ಎಡವಲಿಲ್ಲ.

"ಬರ್ತೇನ್ರಿ," ಎಂದರು.

ಕಾರು ರಸ್ತೆಯ ತಿರುವಿನಲ್ಲಿ ಮರೆಯಾಯಿತು. ತಾರಾಬಾಯಿ ತಮ್ಮನ ಕೈಯನ್ನು ಬಿಟ್ಟಿರಲಿಲ್ಲ.

"ಕಾಕಾ," ಎಂದರು ಮೆಲ್ಲಗೆ, "ಅವರು ಅಂದದ್ದು ನಮ್ಮ ಬರ್ತೇನಿ ಏನ್ರಿ, ಖರೇನ ತಿರಗಿ ಬರೂದೋ?"

ಜೀವಮಾನವಿಡೀ ಮಾತು ತಿರುಗಿಸಿದ ರಾವಸಾಹೇಬ ಕಾಕಾ ಆ ಒಂದು ಮಾತನ್ನು ತಿರುಗಿಸಲಿಲ್ಲ. ಅಷ್ಟರಲ್ಲಿ ಊರ ದೀಪಗಳು ಒಟ್ಟಿಗೇ ಹೋದವು. ಉದ್ದಪ್ಪ ಕಂದೀಲ ತರಲು ಒಳಗೆ ಹೋದ. ನಾವು ಕತ್ತಲಲ್ಲಿ, ಜಲಪಾತದ ಸದ್ದು ಕೇಳುತ್ತ, ಮೆಟ್ಟಿಲಿಗೆ ಮರಳಿ ನಮ್ಮ ನಮ್ಮ ಚಪ್ಪಲಿಗಳನ್ನು ಕಾಲಿನಿಂದ ತಡಕಾಡಿದೆವು.